ಹಳೆಯ ಲೋಹದ ಟೇಬಲ್ ಲ್ಯಾಂಪ್: ಮೊದಲು ಅರ್ಥ್, ಆಮೇಲೆ ಬಣ್ಣ

ಅಟ್ಟದಿಂದ ಇಳಿಸಿದ ಹಳೆಯ ಟೇಬಲ್ ಲ್ಯಾಂಪನ್ನು ‘ಉರಿಯುತ್ತದಾ ನೋಡುವ’ ಎಂದು ನೇರ ಪ್ಲಗ್ಗಿಗೆ ಹಾಕುವುದೇ ಮೊದಲ ತಪ್ಪು. ಕಬ್ಬಿಣದ ಬುಡ, ಬಗ್ಗುವ ಕತ್ತು, ತಗಡಿನ ಟೋಪಿ, ಎಲ್ಲವೂ ಕೈಗೆ ತಾಗುವ ಲೋಹ. ಒಳಗಿನ ವಯರಿಗೆ ಮೂವತ್ತು ನಲವತ್ತು ವರ್ಷವಾಗಿರುತ್ತದೆ. ಇಂಥ ದೀಪಗಳಲ್ಲಿ ಹೆಚ್ಚಿನವಕ್ಕೆ ಎರಡೇ ವಯರು, ಎರಡೇ ಪಿನ್ನು. ಕರೆಂಟ್ ತರುವ ಫೇಸ್ ವಯರಿನ ಸಿಪ್ಪೆ ಒಳಗೆಲ್ಲೋ ಸವೆದು ಲೋಹಕ್ಕೆ ತಾಗಿದರೆ ಇಡೀ ದೀಪಕ್ಕೆ 230 ವೋಲ್ಟ್ ಬರುತ್ತದೆ. ಆದರೆ ಫ್ಯೂಸ್ ಹೋಗುವುದಿಲ್ಲ, ಯಾಕೆಂದರೆ ಕರೆಂಟಿಗೆ ನೆಲಕ್ಕೆ ಇಳಿಯುವ ದಾರಿಯೇ ಇಲ್ಲ. ಯಾರಾದರೂ ಮುಟ್ಟಿದಾಗ ಮಾತ್ರ ದಾರಿ ಸಿಗುತ್ತದೆ. ಹಾಗಾಗಿ ದೀಪ ರಿಪೇರಿ ಎಂದರೆ ಮುಖ್ಯವಾಗಿ ಎರಡು ವಯರಿನ ದೀಪವನ್ನು ಮೂರು ವಯರಿನದ್ದಾಗಿ ಮಾಡುವ ಕೆಲಸ. ಆ ಮೂರನೆಯದೇ ಅರ್ಥ್, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವಯರು. ಹೊಳಪು ಅದರ ನಂತರ.

ಕಾಸರಗೋಡಿನ ಮನೆಗಳಲ್ಲಿ ಇನ್ನೊಂದು ವಿಷಯ ನೋಡಿಕೊಳ್ಳಬೇಕು: ಗಲ್ಫಿನಿಂದ ಬಂದ ದೀಪಗಳು. ದುಬೈಯದ್ದಾದರೆ ಅಲ್ಲಿಯೂ ನಮ್ಮ ಹಾಗೆಯೇ 50 ಹರ್ಟ್ಸ್, ವೋಲ್ಟೇಜೂ ಹೆಚ್ಚುಕಡಿಮೆ ಇಷ್ಟೇ. ಚೌಕ ಪಿನ್ನಿನ ಟಾಪ್ (ವಯರಿನ ತುದಿಯ ಪ್ಲಗ್ಗು) ಬದಲಿಸಿದರೆ ಸಾಕು. ಹಳೆಯ ಸೌದಿ ದೀಪ ಹಾಗಲ್ಲ, ಅದು 110 ಅಥವಾ 127 ವೋಲ್ಟಿನದ್ದಾಗಿರಬಹುದು. ಬರೇ ಬಲ್ಬಿನ ದೀಪವಾದರೆ ಬಲ್ಬ್ ಬದಲಿಸಿ ಬಳಸಬಹುದು. ಬುಡ ಅಸಹಜ ಭಾರವಿದ್ದು ಸಣ್ಣ ಹ್ಯಾಲೊಜನ್ ಬಲ್ಬ್ ಇದ್ದರೆ ಒಳಗೆ 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದರ ಮೇಲೆ 110 ಎಂದಿದ್ದರೆ ನಮ್ಮ ಕರೆಂಟಿಗೆ ಅದು ಸುಟ್ಟೇ ಹೋಗುತ್ತದೆ.

ಬೇಕಾಗುವುದು ಇಷ್ಟು: 0.75 ಚದರ ಮಿಲಿಮೀಟರಿನ ಮೂರು ಕೋರ್ ದುಂಡಗಿನ ವಯರು 2 ಮೀಟರ್, 0.5 ಚದರ ಮಿಲಿಮೀಟರಿನ ಒಂಟಿ ಫ್ಲೆಕ್ಸಿಬಲ್ ವಯರು ಮೂರು ಬಣ್ಣದಲ್ಲಿ ಒಂದೊಂದು ಮೀಟರ್, 6 ಆಂಪಿಯರಿನ ತ್ರೀ ಪಿನ್ ಟಾಪ್, ಹಿತ್ತಾಳೆ ಹೋಲ್ಡರ್, ಫೈಬರ್ ಗ್ಲಾಸ್ ಸ್ಲೀವ್, ರಬ್ಬರ್ ಬುಶ್, ಸ್ಕ್ರೂ ಬಿಗಿಯುವ ಕನೆಕ್ಟರ್, 4 ಮಿಲಿಮೀಟರಿನ ಬೋಲ್ಟು ನಟ್ಟು, ಅದಕ್ಕೆ ಹಲ್ಲಿನ ವಾಷರ್ ಮತ್ತು ಲಗ್ (ವಯರಿನ ತುದಿಗೆ ಹಾಕಿ ಬೋಲ್ಟಿಗೆ ಬಿಗಿಯುವ ಲೋಹದ ಬಳೆ). ಹೋಲ್ಡರ್ ತರಲು ಹೋಗುವಾಗ ಹಳೆಯದನ್ನು ಜೇಬಿನಲ್ಲಿ ಹಾಕಿಕೊಳ್ಳಿ. ಥ್ರೆಡ್ ಅಳತೆ ಬಾಯಲ್ಲಿ ಹೇಳಿ ತಂದದ್ದು ಕೂರದೆ ಎರಡನೇ ಸಲ ಪೇಟೆಗೆ ಹೋಗಬೇಕಾಗುತ್ತದೆ.

ಬಿಚ್ಚುವಾಗ

ಬುಡದ ಅಡಿಯ ಬಟ್ಟೆಯನ್ನು ಕಿತ್ತರೆ ಸ್ಕ್ರೂಗಳು ಕಾಣುತ್ತವೆ. ತುಕ್ಕು ಹಿಡಿದು ಕೂತಿದ್ದರೆ ಸೀಮೆಎಣ್ಣೆ ಅಥವಾ ತುಕ್ಕು ಸಡಿಲಿಸುವ ಸ್ಪ್ರೇ ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಸ್ಕ್ರೂ ಡ್ರೈವರ್ ಇಟ್ಟು ಅದರ ಹಿಡಿಗೆ ಸುತ್ತಿಗೆಯಿಂದ ಮೆಲ್ಲ ನಾಲ್ಕು ಪೆಟ್ಟು ಕೊಟ್ಟು ತಿರುಗಿಸಿ. ತೆಂಗಿನೆಣ್ಣೆ ಬೇಡ, ಅದು ಎಡೆಗೆ ಇಳಿಯುವುದೂ ಕಡಿಮೆ, ಧೂಳು ಹಿಡಿದು ಅಂಟಾಗುವುದೇ ಹೆಚ್ಚು. ಹಳೆಯ ವಯರಿಂಗ್ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಹಳೆಯ ವಯರನ್ನು ಎಳೆದು ಬಿಸಾಡಬೇಡಿ. ಅದರ ಕೊನೆಗೆ ಗಾಳದ ನೂಲು ಕಟ್ಟಿ, ಕತ್ತನ್ನು ನೆಟ್ಟಗೆ ಮಾಡಿಕೊಂಡು ಮೆಲ್ಲ ಎಳೆದರೆ ನೂಲು ಒಳಗೆ ಉಳಿಯುತ್ತದೆ, ಆಮೇಲೆ ಅದರಿಂದಲೇ ಹೊಸ ವಯರು ಬರುತ್ತದೆ. ಹೋಲ್ಡರಿನೊಳಗೆ ಕಣಜದ ಮಣ್ಣುಗೂಡು ಇರುವುದು ನಮ್ಮ ಕಡೆ ಸಾಮಾನ್ಯ; ಮಳೆಗಾಲದಲ್ಲಿ ಆ ಮಣ್ಣು ತೇವ ಎಳೆದು ಕರೆಂಟ್ ಸೋರಿಸುತ್ತದೆ. ಸ್ಪ್ರಿಂಗ್ ಸೋತು ಪಿನ್ನು ಕಪ್ಪಾದ ಹೋಲ್ಡರನ್ನು ಉಜ್ಜಿ ಉಳಿಸುವ ಆಸೆ ಬೇಡ. ಬಲ್ಬ್ ಮಿಣುಕುವುದಕ್ಕೆ ಹೆಚ್ಚಾಗಿ ಅದೇ ಕಾರಣ.

ತುಕ್ಕು, ಹಿತ್ತಾಳೆ, ಬಣ್ಣ

ಮೊದಲು ಪ್ರತಿ ಭಾಗಕ್ಕೂ ಅಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಹಿತ್ತಾಳೆ ಅಥವಾ ಅಲ್ಯೂಮಿನಿಯಂ. ಹಳದಿ ಹೊಳೆಯುತ್ತಿದ್ದರೂ ಅಂಟಿದರೆ ಅದು ಕಬ್ಬಿಣದ ಮೇಲೆ ಹಿತ್ತಾಳೆಯ ತೆಳು ಲೇಪ. ಹುಳಿ ಹಾಕಿ ತಿಕ್ಕಿದರೆ ಲೇಪವೇ ಎದ್ದುಹೋಗುತ್ತದೆ, ಸೋಪಿನ ನೀರು ಸಾಕು. ಅಪ್ಪಟ ಹಿತ್ತಾಳೆಗೆ ಹಿತ್ತಲಿನ ಬಿಂಬುಳಿಯೇ ಒಳ್ಳೆಯದು. ಅದರಲ್ಲಿ ಆಕ್ಸಾಲಿಕ್ ಆಮ್ಲ ಇದೆ. ಜಜ್ಜಿ, ಚಿಟಿಕೆ ಉಪ್ಪು ಸೇರಿಸಿ ಉಜ್ಜಿ, ಐದು ನಿಮಿಷದಲ್ಲಿ ತೊಳೆಯಿರಿ. ಹೆಚ್ಚು ಹೊತ್ತು ಬಿಟ್ಟರೆ ಮೇಲ್ಮೈಯ ಸತು ಕರಗಿ ತಾಮ್ರದ ಗುಲಾಬಿ ಕಲೆ ಉಳಿಯುತ್ತದೆ.

ಕಬ್ಬಿಣದ ಭಾಗಗಳಿಗೆ 2 ಲೀಟರ್ ನೀರಿಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ. ಎರಡರಿಂದ ಆರು ಗಂಟೆ ಮುಳುಗಿಸಿ, ಗಂಟೆಗೊಮ್ಮೆ ಬ್ರಶ್ಶಿನಲ್ಲಿ ತಿಕ್ಕಿ. ಅಲ್ಯೂಮಿನಿಯಂ ಮತ್ತು ಸತು ಲೇಪದ ತುಂಡು ಇದಕ್ಕೆ ಬೀಳಬಾರದು. ತೆಗೆದ ಮೇಲೆ ಲೀಟರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಅದ್ದಿ, ಒರೆಸಿ, ಕೂಡಲೇ ಬಿಸಿಲಿಗೆ ಇಡಿ. ಮಂಜೇಶ್ವರ, ಉಪ್ಪಳ, ಕುಂಬಳೆಯ ಉಪ್ಪುಗಾಳಿಯಲ್ಲಿ ಬೆತ್ತಲೆ ಕಬ್ಬಿಣಕ್ಕೆ ನೋಡುತ್ತಿದ್ದಂತೆಯೇ ಕೇಸರಿ ತುಕ್ಕು ಹತ್ತುತ್ತದೆ, ಆದ್ದರಿಂದ ಪ್ರೈಮರ್ ಅದೇ ದಿನ ಬೀಳಬೇಕು. ಹಳೆಯ ಬಣ್ಣವನ್ನು ಒಣಗಿದ ಹಾಗೆಯೇ ಉಜ್ಜಬೇಡಿ. ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಬಂದದ್ದೇ 2016ರಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಎಷ್ಟಿದೆಯೋ. ವಾಟರ್ ಪೇಪರ್ ನೆನೆಸಿ, ಮಕ್ಕಳಿಲ್ಲದ ಜಾಗದಲ್ಲಿ ಉಜ್ಜಿ.

ರೆಡ್ ಆಕ್ಸೈಡ್ ಪ್ರೈಮರ್ ಒಂದು ತೆಳು ಕೋಟು, 24 ಗಂಟೆ ಒಣಗಿಸಿ, 320ರ ವಾಟರ್ ಪೇಪರ್ ಹೊಡೆದು, ಮೇಲೆ ಸ್ಪ್ರೇ ಪೇಂಟ್. 400 ಮಿಲಿಲೀಟರಿನ ಒಂದು ಡಬ್ಬ ಒಂದು ದೀಪಕ್ಕೆ ಧಾರಾಳ. 20ರಿಂದ 25 ಸೆಂಟಿಮೀಟರ್ ದೂರದಿಂದ, ಹತ್ತು ಹದಿನೈದು ನಿಮಿಷ ಬಿಟ್ಟು ಬಿಟ್ಟು ಮೂರು ತೆಳು ಕೋಟು. ಬಣ್ಣ ಸುಕ್ಕುಗಟ್ಟಿದರೆ ಕೆಳಗಿನ ಕೋಟು ಪೂರ್ತಿ ಒಣಗಿಲ್ಲ, ಸ್ಪ್ರೇಯ ಥಿನ್ನರ್ ಅದನ್ನು ಕೆದಕಿದೆ ಎಂದರ್ಥ. ಜೋರು ಮಳೆಯ ಆಟಿ ತಿಂಗಳಲ್ಲಿ ಈ ಕೆಲಸಕ್ಕೆ ಇಳಿಯಬೇಡಿ, ಗಾಳಿಯ ತೇವಕ್ಕೆ ಬಣ್ಣ ಬಿಳಿಚಿಕೊಳ್ಳುತ್ತದೆ. ನವೆಂಬರ್ ದಾಟಿದ ಮೇಲೆ, ಇಬ್ಬನಿ ಆರಿದ ಹತ್ತು ಗಂಟೆಯ ಬಿಸಿಲು ಒಳ್ಳೆಯದು. ಟೋಪಿಯ ಒಳಗೆ ಬಿಳಿ ಬಣ್ಣವೇ ಇರಲಿ, ಬೆಳಕು ಹೆಚ್ಚು ಸಿಗುತ್ತದೆ.

ವಯರಿಂಗ್

ಮೂರು ಕೋರಿನ ವಯರು ದಪ್ಪ, ಹೆಚ್ಚಿನ ದೀಪಗಳ ಕತ್ತಿನೊಳಗೆ ಹೋಗುವುದಿಲ್ಲ. ಅದನ್ನು ಬುಡದ ತನಕ ತಂದು, ಅಲ್ಲಿ ಕನೆಕ್ಟರಿಗೆ ಕೊಟ್ಟು, ಮೇಲಕ್ಕೆ ಒಂಟಿ ವಯರುಗಳನ್ನು ಸ್ಲೀವಿನೊಳಗೆ ಸೇರಿಸಿ ಎಳೆಯಿರಿ. ಬಗ್ಗುವ ಕತ್ತು ಒಳಗಿನಿಂದ ಸುರುಳಿ ಉಕ್ಕು. ಸ್ಲೀವ್ ಇಲ್ಲದಿದ್ದರೆ ಬಗ್ಗಿಸಿದಾಗಲೆಲ್ಲ ವಯರಿನ ಸಿಪ್ಪೆ ಅರೆಯುತ್ತದೆ. ವಯರು ಬುಡವನ್ನು ಹೊಗುವ ತೂತಿಗೆ ರಬ್ಬರ್ ಬುಶ್ ಹಾಕಿ, ಒಳಬದಿಯಲ್ಲಿ ಕ್ಲಾಂಪ್ ಕೊಡಿ. ಗಂಟು ಹಾಕಿ ತಡೆಯುವ ಹಳೆಯ ಪದ್ಧತಿಯಲ್ಲಿ ಎಳೆತವೆಲ್ಲ ವಯರಿನ ಮೇಲೆಯೇ ಬೀಳುತ್ತದೆ.

ಹೆಚ್ಚು ಜನ ಎಡವುವುದು ಅರ್ಥ್ ವಯರಿನಲ್ಲಿ. ಹೊಸ ಬಣ್ಣದ ಮೇಲೆಯೇ ಲಗ್ ಬಿಗಿದರೆ ಅದು ಕಣ್ಣಿಗೆ ಮಾತ್ರ ಅರ್ಥ್. ಬಣ್ಣ ಕರೆಂಟ್ ಬಿಡುವುದಿಲ್ಲ. ಬೋಲ್ಟಿನ ಸುತ್ತ ಒಂದು ರೂಪಾಯಿ ನಾಣ್ಯದಗಲ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್, ಲಗ್, ನಟ್ಟು ಹಾಕಿ ಬಿಗಿದು, ಮೇಲೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿ. ಟೋಪಿಗೂ ಪ್ರತ್ಯೇಕ ಅರ್ಥ್ ಹೋಗಬೇಕು, ಕತ್ತಿನ ಥ್ರೆಡ್ಡನ್ನು ನಂಬಬೇಡಿ. ಟಾಪಿನೊಳಗೆ ಅರ್ಥ್ ವಯರನ್ನು ಉಳಿದೆರಡಕ್ಕಿಂತ 2 ಸೆಂಟಿಮೀಟರ್ ಉದ್ದ ಬಿಡಿ, ಯಾರಾದರೂ ಎಳೆದರೆ ಅದು ಕೊನೆಗೆ ಕಳಚಲಿ.

ಸ್ವಿಚ್ ಫೇಸಿನಲ್ಲಿರಬೇಕು. ಕರೆಂಟ್ ಮರಳುವ ನ್ಯೂಟ್ರಲಿನಲ್ಲಿ ಹಾಕಿದರೆ ಆಫ್ ಮಾಡಿದರೂ ಹೋಲ್ಡರಿನಲ್ಲಿ ಕರೆಂಟ್ ಉಳಿಯುತ್ತದೆ, ಎಲ್‌ಇಡಿ ಬಲ್ಬ್ ರಾತ್ರಿಯೆಲ್ಲ ಮಂಕಾಗಿ ಉರಿಯುವುದೂ ಉಂಟು. ಪಿನ್ನಿನ ಬಿ22 ಹೋಲ್ಡರಿಗೆ ಫೇಸ್ ಯಾವ ಬದಿಗಾದರೂ ಆದೀತು. ತಿರುಪಿನ ಇ27 ಆದರೆ ಫೇಸ್ ನಡುವಿನ ನಾಲಗೆಗೇ ಹೋಗಬೇಕು, ಸುತ್ತಲಿನ ಥ್ರೆಡ್ಡಿಗೆ ನ್ಯೂಟ್ರಲ್. ಬಲ್ಬ್ 7ರಿಂದ 9 ವಾಟಿನ ಎಲ್‌ಇಡಿ, 2700ರಿಂದ 3000 ಕೆಲ್ವಿನ್ನಿನದ್ದು, ಎಂದರೆ ಹಳದಿ ಛಾಯೆಯ ಬೆಳಕಿನದ್ದು.

ಕರೆಂಟ್ ಕೊಡುವ ಮೊದಲು

ಬಲ್ಬ್ ತೆಗೆದು, ಸ್ವಿಚ್ ಆನ್ ಇಟ್ಟು ಮಲ್ಟಿಮೀಟರಿನಲ್ಲಿ ನೋಡಿ. ಟಾಪಿನ ದಪ್ಪ ಅರ್ಥ್ ಪಿನ್ನಿನಿಂದ ಬುಡದ ಬೆತ್ತಲೆ ಲೋಹಕ್ಕೆ 1 ಓಮಿಗಿಂತ ಕಡಿಮೆ ಬರಬೇಕು, ಟೋಪಿಗೂ ಅಷ್ಟೇ. ಉಳಿದೆರಡು ಪಿನ್ನುಗಳ ನಡುವೆ, ಅವುಗಳಿಂದ ಲೋಹಕ್ಕೆ, ಏನೂ ಬರಬಾರದು; ಕತ್ತನ್ನು ನಾಲ್ಕೂ ಕಡೆ ಬಗ್ಗಿಸುತ್ತ ನೋಡಿ. ಆದರೆ ಮಲ್ಟಿಮೀಟರಿನ ಕೆಲವೇ ವೋಲ್ಟಿಗೆ ತೇವದ ಸೋರಿಕೆ ಸಿಕ್ಕದಿರಬಹುದು. ಪರಿಚಯದ ಇಲೆಕ್ಟ್ರೀಶಿಯನ್ ಹತ್ತಿರ ಮೆಗ್ಗರ್ (ಹೆಚ್ಚು ವೋಲ್ಟ್ ಕೊಟ್ಟು ಸೋರಿಕೆ ನೋಡುವ ಮೀಟರ್) ಇದ್ದರೆ 500 ವೋಲ್ಟಿನಲ್ಲಿ ಕನಿಷ್ಠ 1 ಮೆಗಾ ಓಮ್ ತೋರಿಸಬೇಕು. ಪ್ಲಗ್ಗಿಗೆ ಹಾಕಿದ ಕೂಡಲೇ 30 ಮಿಲಿ ಆಂಪಿಯರಿನ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬಿದ್ದರೆ ಅದನ್ನು ಬೈಪಾಸ್ ಮಾಡುವ ಯೋಚನೆ ಬೇಡ. ಟೋಪಿಯ ಹತ್ತಿರ ವಯರು ಹಿಸುಕಿಕೊಂಡಿದೆಯಾ ನೋಡಿ, ಹೆಚ್ಚಿನ ಸಲ ಅಲ್ಲಿಯೇ.

ಇಷ್ಟೆಲ್ಲ ಮಾಡಿಯೂ ಗೋಡೆಯ ಸಾಕೆಟಿಗೆ ಅರ್ಥ್ ಇಲ್ಲದಿದ್ದರೆ ಮೂರನೇ ವಯರು ಅಲಂಕಾರಕ್ಕೆ ಮಾತ್ರ. ಹಳೆಯ ಮನೆಗಳಲ್ಲಿ ಇದನ್ನೂ ಪರೀಕ್ಷೆ ಮಾಡಿಸಿ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಕರೆಂಟನ್ನು ಸರಿಯಾಗಿ ಎಳೆಯುವುದಿಲ್ಲ; ಮಾರ್ಚಿನಿಂದ ಮಳೆ ಬರುವ ತನಕ ಅರ್ಥ್ ಗುಂಡಿಗೆ ಎರಡು ಮೂರು ದಿನಕ್ಕೊಂದು ಕೊಡಪಾನ ನೀರು ಹೊಯ್ಯಿರಿ.