"ತೆರಿಗೆ ಕಟ್ಟುವವರಂತೆ ನೀವು": ರದ್ದಾದ ಬಿಪಿಎಲ್ ಕಾರ್ಡನ್ನು ಮರಳಿ ಪಡೆಯುವ ಬಗೆ

ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿ ಕಾಯುತ್ತಿದ್ದೆ. ಅಂಗಡಿಯವರು ಪರದೆಯನ್ನು ಎರಡೆರಡು ಸಲ ನೋಡಿ, "ಕಾರ್ಡು ರದ್ದಾಗಿದೆಯಮ್ಮ, ತೆರಿಗೆ ಕಟ್ಟುವವರಂತೆ ನೀವು" ಎಂದರು. ಹಿಂದೆ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನ್ನ ಗಂಡ ಮನೆಗಳಿಗೆ ಬಣ್ಣ ಹೊಡೆಯುವ ಮೇಸ್ತ್ರಿ, ನಾನು ಸೀರೆಗೆ ಫಾಲ್ ಹಾಕಿಕೊಡುವವಳು. ತೆರಿಗೆ ಎಂಬುದು ನಮ್ಮ ಮನೆಯೊಳಗೆ ಯಾವ ಬಾಗಿಲಿನಿಂದ ಬಂತು ಎಂದು ತಿಳಿಯಲು ಐದು ವಾರ ಹಿಡಿಯಿತು. ಕಾರ್ಡು ಮರಳಲು ನಾಲ್ಕು ತಿಂಗಳು.

ಅದು 2024ರ ನವೆಂಬರ್. ರಾಜ್ಯದಲ್ಲೆಲ್ಲ ಬಿಪಿಎಲ್ ಕಾರ್ಡುಗಳ ಪರಿಷ್ಕರಣೆ ನಡೆದು ದೊಡ್ಡ ಗದ್ದಲವಾಗಿತ್ತು. ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರ ಕಾರ್ಡು ಮರಳಿಸುವುದಾಗಿ ಸರ್ಕಾರ ಹೇಳಿತು. ನಾವು ಆ "ಬಿಟ್ಟು" ಎಂಬ ಮಾತಿನೊಳಗೆ ಸಿಕ್ಕಿಕೊಂಡಿದ್ದೆವು.

ಅಂಗಡಿಯವರೊಂದಿಗೆ ಜಗಳಕ್ಕಿಳಿಯಬೇಡಿ. ಯಂತ್ರದಲ್ಲಿ ಕಂಡದ್ದನ್ನು ಅವರು ಓದಿ ಹೇಳುತ್ತಾರೆ, ಅಷ್ಟೇ. ಪರದೆಯ ಫೋಟೊ ತೆಗೆದುಕೊಳ್ಳಿ, ತಾರೀಖು ಬರೆದಿಟ್ಟುಕೊಳ್ಳಿ. ನಾನು ಅಂದು ಇದೆರಡನ್ನೂ ಮಾಡದೆ, ನಮ್ಮ ಬಡತನದ ಕಥೆಯನ್ನೆಲ್ಲ ಇಡೀ ಸಾಲಿಗೆ ಕೇಳುವಂತೆ ಹೇಳಿಕೊಂಡು ಬಂದೆ. ಅದರಿಂದ ಒಂದು ಕಾಳೂ ಸಿಗಲಿಲ್ಲ.

ಮರುದಿನ ಆಹಾರ ಇಲಾಖೆಯ ಕಚೇರಿಯಲ್ಲೂ ಅದೇ ತಪ್ಪು ಮಾಡಿದೆ. ಮೇಜಿನ ಆಚೆಗಿದ್ದವರು ಪೂರ್ತಿ ಕೇಳಿಸಿಕೊಂಡು, "ನಾನೇ ಸ್ವಇಚ್ಛೆಯಿಂದ ಕಾರ್ಡು ಹಿಂದಿರುಗಿಸುತ್ತಿದ್ದೇನೆ ಎಂದು ಮುಚ್ಚಳಿಕೆ ಬರೆದುಕೊಡಿ, ದಂಡ ಬೀಳುವುದಿಲ್ಲ" ಎಂದರು. ದಂಡ ಎಂದ ಕೂಡಲೇ ಕೈ ಪೆನ್ನಿನ ಕಡೆ ಹೋಗುತ್ತದೆ. ಬರೆಯಬೇಡಿ. ತಪ್ಪು ಮಾಡದವರು ಆ ಹಾಳೆಗೆ ಸಹಿ ಹಾಕಿದರೆ ಮುಂದೆ ಎಲ್ಲಿ ಹೋದರೂ ಅದೇ ನಿಮ್ಮ ತಪ್ಪೊಪ್ಪಿಗೆಯಾಗಿ ಎದುರು ನಿಲ್ಲುತ್ತದೆ. "ಮನೆಯಲ್ಲಿ ಕೇಳಿ ಬರುತ್ತೇನೆ" ಎಂದು ಎದ್ದುಬಂದೆ. ಆ ದಿನ ನಾನು ಮಾಡಿದ ಜಾಣತನದ ಕೆಲಸ ಅದೊಂದೇ.

ಮೊದಲು ಬೇಕಾದದ್ದು ಕಾರಣ, ಅದೂ ಬರಹದಲ್ಲಿ. "ಕಂಪ್ಯೂಟರ್ ತೋರಿಸುತ್ತಿದೆ" ಎನ್ನುವುದು ಕಾರಣವಲ್ಲ. ನಮ್ಮ ರಾಜ್ಯದಲ್ಲಿ ಬಿಪಿಎಲ್‌ಗೆ ಕುಟುಂಬದ ವಾರ್ಷಿಕ ಆದಾಯ 1.2 ಲಕ್ಷ ರೂಪಾಯಿ ಮೀರಬಾರದು. ತೆರಿಗೆ, ಸ್ವಂತ ಬಳಕೆಯ ನಾಲ್ಕು ಚಕ್ರದ ವಾಹನ, ಜಮೀನಿನ ಮಿತಿ ಇತ್ಯಾದಿ ಬೇರೆ. ಇವುಗಳಲ್ಲಿ ಯಾವುದಕ್ಕಾಗಿ, ಯಾರ ಹೆಸರಿನ ಮೇಲೆ, ಯಾವ ವರ್ಷದ ದಾಖಲೆ ನೋಡಿ ರದ್ದು ಮಾಡಿದ್ದೀರಿ ಎಂದು ಅರ್ಜಿ ಬರೆಯಿರಿ. ಎರಡು ಪ್ರತಿ ಇರಲಿ. ಒಂದನ್ನು ಟಪಾಲು ಶಾಖೆಗೆ ಕೊಟ್ಟು, ಇನ್ನೊಂದರ ಮೇಲೆ ಮುದ್ರೆ ಮತ್ತು ತಾರೀಖು ಹಾಕಿಸಿಕೊಳ್ಳಿ. ಹಾಕಲು ಒಲ್ಲೆವೆಂದರೆ ವಾದ ಬೇಡ, ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ನಿಮ್ಮ ಪ್ರತಿಗೆ ಪಿನ್ ಮಾಡಿ.

ಜೊತೆಗೇ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹಾಗಾಗಿ ಸಂಕಟ ತೋಡಿಕೊಳ್ಳಲು ಅಲ್ಲಿ ಜಾಗವಿಲ್ಲ; ರದ್ದತಿ ಆದೇಶದ ಪ್ರತಿ, ಅದಕ್ಕೆ ಆಧಾರವಾದ ದಾಖಲೆ, ಪರಿಶೀಲಿಸಿದ ಅಧಿಕಾರಿಯ ಹುದ್ದೆ ಇಷ್ಟನ್ನು ಕೇಳಿ. ಬಿಪಿಎಲ್‌ನವರಿಗೆ ಶುಲ್ಕ ವಿನಾಯಿತಿ ಇದೆ, ಆದರೆ ನಿಮ್ಮನ್ನು ಬಿಪಿಎಲ್ ಅಲ್ಲ ಎಂದವರ ಎದುರೇ ಆ ವಿನಾಯಿತಿ ಕೇಳುವ ಸರ್ಕಸ್ ಯಾಕೆ? ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟುಬಿಡಿ.

ನನಗೆ ಬಂದ ಉತ್ತರ ಒಂದೂವರೆ ಸಾಲಿನದು: ಗಂಡನ ಪ್ಯಾನ್ ಸಂಖ್ಯೆಯಲ್ಲಿ ತೆರಿಗೆ ಕಡಿತವಾಗಿದೆ. ಆಗ ಹೊಳೆಯಿತು. ಹಿಂದಿನ ವರ್ಷ ಒಂದು ದೊಡ್ಡ ಕಟ್ಟಡದ ಕೆಲಸಕ್ಕೆ ಗುತ್ತಿಗೆದಾರರು ಏಳು ಜನರ ಕೂಲಿಯನ್ನೂ ಮೇಸ್ತ್ರಿ ಎಂದು ಇವರೊಬ್ಬರ ಖಾತೆಗೇ ಹಾಕಿದ್ದರು. ಒಟ್ಟು 2,64,000 ರೂಪಾಯಿ, ಅದರಲ್ಲಿ ಶೇಕಡಾ 1ರಂತೆ 2,640 ಮುರಿದುಕೊಂಡಿದ್ದರು. ಆ 2,640ನ್ನು ವಾಪಸ್ ಪಡೆಯಲೆಂದೇ ಪರಿಚಯದ ಹುಡುಗನೊಬ್ಬ ರಿಟರ್ನ್ ಸಲ್ಲಿಸಿಕೊಟ್ಟಿದ್ದ. ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಪಟ್ಟಿಗೆ ಪಟ್ಟಿ ಹೊಂದಿಸಿ ನೋಡುವ ಯಂತ್ರಕ್ಕೆ ಎರಡೂ ಒಂದೇ.

ಕಾರಣ ಕೈಗೆ ಸಿಕ್ಕಿತೆಂದರೆ ಅರ್ಧ ಭಾರ ಇಳಿಯುತ್ತದೆ, ಯಾಕೆಂದರೆ ಇನ್ನು ಇಡೀ ಬದುಕನ್ನು ಸಮರ್ಥಿಸಿಕೊಳ್ಳಬೇಕಿಲ್ಲ, ಆ ಒಂದೂವರೆ ಸಾಲಿಗೆ ಉತ್ತರಿಸಿದರೆ ಸಾಕು. ಆದಾಯ ತೆರಿಗೆ ಜಾಲತಾಣದಲ್ಲಿ ನಿಮ್ಮ ಪ್ಯಾನ್‌ನಲ್ಲಿ ಮುರಿದುಕೊಂಡ ತೆರಿಗೆಯ ಲೆಕ್ಕ ತೋರಿಸುವ 26ಎಎಸ್ ನಮೂನೆ ಮತ್ತು ವಾರ್ಷಿಕ ಮಾಹಿತಿ ಹೇಳಿಕೆ ಸಿಗುತ್ತವೆ. ನಿಮ್ಮದಲ್ಲದ ವ್ಯವಹಾರ ಅದರಲ್ಲಿದ್ದರೆ ತಪ್ಪೆಂದು ಅಲ್ಲೇ ದಾಖಲಿಸಬಹುದು. ರಿಟರ್ನ್ ಪರಿಶೀಲಿಸಿದ ಮೇಲೆ 1961ರ ಆದಾಯ ತೆರಿಗೆ ಕಾಯ್ದೆಯ 143(1)ರ ಅಡಿ ಬರುವ ಸೂಚನಾ ಪತ್ರದಲ್ಲಿ ಕಟ್ಟಬೇಕಾದ ತೆರಿಗೆ ಸೊನ್ನೆ ಎಂದಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ನಾನು ಅದನ್ನೂ, ಮರುಪಾವತಿ ಜಮೆಯಾದ ಪಾಸ್‌ಬುಕ್ ಪುಟವನ್ನೂ ಲಗತ್ತಿಸಿದೆ. ಮೂರನೆಯದು ಗಂಡನ ಕೂಲಿ ಪುಸ್ತಕ. ನೂರು ಪುಟದ ಶಾಲಾ ನೋಟ್‌ಬುಕ್ಕು ಅದು, ಅಂಚೆಲ್ಲ ಬಿಳಿ ಡಿಸ್ಟೆಂಪರ್ ಮೆತ್ತಿಕೊಂಡಿದೆ. ಪ್ರತಿ ಶನಿವಾರದ ಎದುರು ಆರು ಹೆಸರು, ಮೊತ್ತ, ಸಹಿ. ಸಹಿ ಬಾರದ ಒಬ್ಬರದು ನೀಲಿ ಬಣ್ಣದ ಹೆಬ್ಬೆಟ್ಟು. ಆ ಆರು ಜನರಿಗೆ ಹೋದದ್ದನ್ನು ಕಳೆದರೆ ಇವರಿಗೆ ಉಳಿದದ್ದು ವರ್ಷಕ್ಕೆ 96,000. ನನ್ನ ಫಾಲ್ ಕೆಲಸದ್ದು 18,000. ಎರಡನ್ನೂ ಕೂಡಿಸಿಯೇ ಬರೆದೆ, ನನ್ನದನ್ನು ಮುಚ್ಚಿಡಲಿಲ್ಲ.

ಮುಚ್ಚಿಡುವ ವಿಚಾರಕ್ಕೆ ಬಂದರೆ, ಮದುವೆಯಾಗಿ ಹೋದ ನಾದಿನಿಯ ಹೆಸರು ನಮ್ಮ ಕಾರ್ಡಿನಲ್ಲಿ ಇನ್ನೂ ಇತ್ತು. ಬೇಕೆಂದು ಉಳಿಸಿದ್ದಲ್ಲ, ಅಲಕ್ಷ್ಯ. ಅವರು ಕಂಡುಹಿಡಿಯುವ ಮೊದಲೇ ಅದನ್ನು ತೆಗೆಯಲು ಬೇರೆ ಅರ್ಜಿ ಕೊಟ್ಟೆ. ಗಂಡ ಸಿಟ್ಟಾದರು. ನನಗೆ ಈಗಲೂ ಅದು ಸರಿಯೆಂದೇ ಅನಿಸುತ್ತದೆ, ಯಾಕೆಂದರೆ ಮನೆ ಪರಿಶೀಲನೆಗೆ ಬಂದವರು ಕೇಳಿದ ಮೊದಲ ಪ್ರಶ್ನೆಯೇ ಅವಳ ಬಗ್ಗೆ.

ಪರಿಶೀಲನೆಗೆ ಬಂದರೆ ಹೆಸರು, ಹುದ್ದೆ ಕೇಳಿ ಬರೆದುಕೊಳ್ಳಿ. ಫ್ರಿಜ್ಜಿಗೆ ಸೀರೆ ಹೊದಿಸಬೇಡಿ, ಬೈಕನ್ನು ಪಕ್ಕದ ಮನೆಗೆ ಸಾಗಿಸಬೇಡಿ. ಮಹಜರನ್ನು ಪೂರ್ತಿ ಓದಿ. ಒಪ್ಪಿಗೆಯಾಗದ ಸಾಲಿದ್ದರೆ ಸಹಿಯ ಮೇಲೆ "ಇದಕ್ಕೆ ನನ್ನ ಆಕ್ಷೇಪವಿದೆ" ಎಂದು ಬರೆದು ನಂತರ ಸಹಿ ಹಾಕಿ.

ಕಚೇರಿ ಅಲುಗದಿದ್ದರೆ ಪಡಿತರದ ಸಹಾಯವಾಣಿ 1967ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿ ಇರುತ್ತಾರೆ, ಅವರ ಮೇಲೆ ರಾಜ್ಯ ಆಹಾರ ಆಯೋಗ. ಪೊಲೀಸು, ವಸೂಲಿ ಎಂಬ ಮಾತು ಬಂದರೆ ಮಾತ್ರ ಒಬ್ಬರೇ ಹೋಗಬೇಡಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುವ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಸಹಾಯವಾಣಿ 15100.

ಜನರ ಬಾಯಿಗೆ ಮದ್ದು ನನಗೆ ಸಿಗಲಿಲ್ಲ. ಸಿಕ್ಕಸಿಕ್ಕವರಿಗೆ ವಿವರಿಸಿ ಸೋತ ಮೇಲೆ, ಒಂದೇ ಮಾತು ಕಲಿತೆ: "ತಪ್ಪಾಗಿ ದಾಖಲಾಗಿದೆ, ಅರ್ಜಿ ಕೊಟ್ಟಿದ್ದೇನೆ." ಅಷ್ಟು ಹೇಳಿ ಸೂಜಿಗೆ ದಾರ ಪೋಣಿಸುತ್ತಿದ್ದೆ. ರಾತ್ರಿ ನಿದ್ದೆ ಬಾರದಾಗ ಕಾಗದ ತೆಗೆದು ನೋಡುವುದನ್ನೂ ಬಿಟ್ಟೆ. ಫೈಲು ತೆರೆಯುವುದು ಗುರುವಾರ ಮಧ್ಯಾಹ್ನ ಮಾತ್ರ ಎಂದು ಗೊತ್ತುಮಾಡಿಕೊಂಡೆ. ಆಗ ಮನೆಯಲ್ಲಿ ಬೇರೆ ಮಾತಿಗೂ ಜಾಗ ಸಿಕ್ಕಿತು.

ಮಾರ್ಚ್‌ನಲ್ಲಿ ಯಂತ್ರ ಹೆಬ್ಬೆಟ್ಟನ್ನು ಒಪ್ಪಿಕೊಂಡಿತು. ಗಂಡ ಈಗ ಪ್ರತಿಯೊಬ್ಬರ ಕೂಲಿಯನ್ನು ಅವರವರ ಖಾತೆಗೇ ಹಾಕಿಸುತ್ತಾರೆ. ತಪ್ಪಿಹೋದ ನಾಲ್ಕು ತಿಂಗಳ ಧಾನ್ಯಕ್ಕೆ ಅದೇ ಆಹಾರ ಭದ್ರತಾ ಕಾಯ್ದೆಯ 8ನೆಯ ಕಲಮಿನಲ್ಲಿ ಆಹಾರ ಭದ್ರತಾ ಭತ್ಯೆ ಎಂಬುದಿದೆ. ಅದನ್ನೂ ಕೇಳಿ ಬರೆದಿದ್ದೇನೆ. ಉತ್ತರ ಬಂದಿಲ್ಲ. ಎರಡನೆಯ ನೆನಪೋಲೆಯನ್ನು ಹೋದ ಗುರುವಾರ ಕಳುಹಿಸಿದೆ.