ಮನೆಯಲ್ಲೇ ಆರೈಕೆ ಮಾಡುವವರಿಗೆ ಫೋನಿನ ನೆರವು: ಹೊಂದಿಸಿಕೊಡುವುದು ಹೇಗೆ?

ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟದಾಚೆ ಒಂದು ಮನೆ ಇದ್ದರೆ ಗುಡ್ಡದಾಚೆ ಇನ್ನೊಂದು. ಮಕ್ಕಳು ಬೆಂಗಳೂರಿನಲ್ಲಿ. ಮನೆಯಲ್ಲಿ ಉಳಿದವರು ಇಬ್ಬರೇ: ಹಾಸಿಗೆ ಹಿಡಿದವರು ಒಬ್ಬರು, ಅವರನ್ನು ನೋಡಿಕೊಳ್ಳುವವರು ಇನ್ನೊಬ್ಬರು. ಘಟ್ಟ ಇಳಿದು ಕುಮಟಾ, ಅಂಕೋಲಾ, ಕಾರವಾರಕ್ಕೆ ಬಂದರೆ ಮನೆಗಳು ಹತ್ತಿರ ಹತ್ತಿರ ಇವೆ. ಆದರೆ ಗಂಡಸರು ಬೋಟಿಗೋ ಗೋವಾಕ್ಕೋ ಹೋದ ಮೇಲೆ, ಲಕ್ವಾ ಹೊಡೆದ ಅತ್ತೆಯ ಹತ್ತಿರ ಇರುವುದು ಅಲ್ಲೂ ಸೊಸೆ ಒಬ್ಬಳೇ.

ಇಂಥವರಿಗೆ ದಿನಾ ಫೋನ್ ಬರುತ್ತದೆ. ‘ಆಯಿ (ಅಮ್ಮ) ಹೇಗಿದ್ದಾಳೆ?’ ಎಂದು ನಾಲ್ಕು ಜನ ಬೇರೆ ಬೇರೆಯಾಗಿ ಕೇಳುತ್ತಾರೆ. ಒಂದೇ ಉತ್ತರ ನಾಲ್ಕು ಸಲ ಹೇಳಬೇಕು. ‘ನೀನು ಊಟ ಮಾಡಿದ್ಯಾ, ನಿದ್ದೆ ಆಯ್ತಾ?’ ಎಂದು ಕೇಳುವವರು ಕಡಿಮೆ. ಕಾಳಜಿ ಎಲ್ಲರಿಗೂ ಇದೆ, ಕೆಲಸ ಮಾತ್ರ ಒಬ್ಬರ ಮೇಲೇ ಇದೆ.

ಆನ್‌ಲೈನ್ ಸೌಲಭ್ಯಗಳು ಉಪಯೋಗಕ್ಕೆ ಬರುವುದು ಇಲ್ಲಿಯೇ. ಆದರೆ ಒಂದು ಷರತ್ತು. ಆ್ಯಪ್ ಹಾಕುವುದು, ಫಾರ್ಮ್ ತುಂಬುವುದು, ನೆನಪಿಡುವುದು, ದುಡ್ಡು ಕಟ್ಟುವುದು ಇದೆಲ್ಲ ದೂರದಲ್ಲಿರುವವರ ಪಾಲಿಗೆ ಬರಬೇಕು. ಮನೆಯಲ್ಲಿರುವವರಿಗೆ ಹಸಿರು ಗುಂಡಿ ಒತ್ತಿ ಮಾತಾಡುವಷ್ಟು ಕೆಲಸ ಇದ್ದರೆ ಸಾಕು. ಹೀಗಾಗಿ ಈ ಲೇಖನವನ್ನು ಮುಖ್ಯವಾಗಿ ಓದಬೇಕಾದವರು ಊರು ಬಿಟ್ಟು ಹೋದ ಮಗ, ಮಗಳು, ತಮ್ಮ, ಮೈದುನ.

ಮೊದಲು ಸಿಗ್ನಲ್ ನೋಡಿ

ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಟ್ಟು ಶುರು ಮಾಡಿದರೆ ಮುಂದಿನದೆಲ್ಲ ಸುಮ್ನೆ. ಮನೆಗೆ ಹೋದಾಗ ಫೋನ್ ಹಿಡಿದು ಒಂದು ಸುತ್ತು ಹಾಕಿ. ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಅಥವಾ ಅಡಿಕೆ ಒಣಗಿಸುವ ಅಂಗಳದಲ್ಲಿ. ರೋಗಿ ಮಲಗುವ ಕೋಣೆಯಲ್ಲಿ ಸಿಗದಿದ್ದರೆ ತುರ್ತು ಸಮಯದಲ್ಲಿ ಅವರನ್ನು ಬಿಟ್ಟು ಅಂಗಳಕ್ಕೆ ಓಡಬೇಕಾಗುತ್ತದೆ.

ಊರಿಗೆ ಫೈಬರ್ ಇಂಟರ್‌ನೆಟ್ ಬಂದಿದ್ದರೆ ಒಂದು ಒಳ್ಳೆಯ ದಾರಿ ಇದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ವೈಫೈ ಕಾಲಿಂಗ್’ ಆನ್ ಮಾಡಿ. ಜಿಯೋ, ಏರ್‌ಟೆಲ್ ಸಿಮ್‌ಗಳಲ್ಲಿ ಈ ಸೌಲಭ್ಯ ಇದೆ, ಫೋನ್ ಕೂಡ ಅದಕ್ಕೆ ಹೊಂದುವಂಥದ್ದಾಗಿರಬೇಕು. ಟವರ್ ಸಿಗದಿದ್ದರೂ ಮನೆಯ ವೈಫೈ ಮೇಲೆ ಮಾಮೂಲಿ ಕರೆ ಹೋಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ರೂಟರ್ ಕೂಡ ಆಫ್ ಆಗುತ್ತದೆ ಅಲ್ವಾ, ಅದಕ್ಕೆ ರೂಟರ್‌ಗೆಂದೇ ಸಿಗುವ ಚಿಕ್ಕ ಯುಪಿಎಸ್ ತಂದುಕೊಡಿ. ಹಬ್ಬಕ್ಕೆ ಸೀರೆ ತರುವ ಬದಲು ಈ ಸಲ ಇದನ್ನೇ ತನ್ನಿ.

ಇಂಟರ್‌ನೆಟ್ ಏನೂ ಇಲ್ಲದಿದ್ದರೂ ಬರೀ ಕರೆಯಿಂದ ಸಿಗುವ ನೆರವಿನ ನಂಬರುಗಳಿವೆ. ಅವು ಮುಂದೆ ಬರುತ್ತವೆ. ಬಟನ್ ಫೋನಿನಿಂದಲೂ ಮಾಡಬಹುದು.

ಒಂದು ಗುಂಪು, ಒಬ್ಬ ಜವಾಬ್ದಾರ

ವಾಟ್ಸ್‌ಆ್ಯಪ್‌ನಲ್ಲಿ ಹೊಸ ಗುಂಪು ಮಾಡಿ. ಈಗಾಗಲೇ ಇರುವ ಕುಟುಂಬದ ಗುಂಪು ಬೇಡ. ಅಲ್ಲಿ ಮದುವೆ ಫೋಟೋ, ಶುಭೋದಯದ ನಡುವೆ ‘ಅಪ್ಪಯ್ಯನಿಗೆ ಎರಡು ದಿನದಿಂದ ಜ್ವರ’ ಎಂಬ ಸಂದೇಶ ಕಳೆದುಹೋಗುತ್ತದೆ. ಹೊಸ ಗುಂಪಿನಲ್ಲಿ ನಿಜವಾಗಿ ಕೆಲಸ ಮಾಡುವ ನಾಲ್ಕೈದು ಜನ ಇರಲಿ. ಸಾಧ್ಯವಾದರೆ ಪಕ್ಕದ ಮನೆಯವರೊಬ್ಬರನ್ನೂ ಸೇರಿಸಿ, ಯಾಕೆಂದರೆ ಹತ್ತು ನಿಮಿಷದಲ್ಲಿ ಬಂದು ನಿಲ್ಲುವವರು ಅವರೇ.

ಮನೆಯಲ್ಲಿರುವವರು ದಿನಕ್ಕೊಂದು ಧ್ವನಿ ಸಂದೇಶ ಹಾಕಲಿ. ಒಂದು ನಿಮಿಷ ಸಾಕು. ‘ಆಯಿ ರಾತ್ರಿ ಮೂರು ಸಲ ಎದ್ದಳು. ಬೆಳಿಗ್ಗೆ ಗಂಜಿ ಅರ್ಧ ಲೋಟ ಕುಡಿದಳು. ಶುಗರ್ ಮಾತ್ರೆ ನಾಲ್ಕೇ ಉಳಿದಿದೆ. ನನಗೆ ಸೊಂಟ ನೋವು.’ ಇಷ್ಟೇ. ಟೈಪ್ ಮಾಡುವ ಕಷ್ಟ ಇಲ್ಲ, ನಾಲ್ಕು ಜನರಿಗೆ ನಾಲ್ಕು ಸಲ ಹೇಳುವ ಕಷ್ಟವೂ ಇಲ್ಲ. ಕೇಳಿದವರು ‘ಅಯ್ಯೋ ಪಾಪ’ ಎಂದು ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾಗಬಾರದು. ಆ ಸಂದೇಶದಲ್ಲೇ ಎರಡು ಕೆಲಸ ಇದೆ: ಮಾತ್ರೆ ತರಿಸಬೇಕು, ಸೊಂಟ ನೋವಿಗೆ ಏನು ಮಾಡುವುದು ಎಂದು ಕೇಳಬೇಕು. ಗುಂಪಿನ ಒಬ್ಬ ಜವಾಬ್ದಾರ ಅದನ್ನು ಹೆಕ್ಕಿ, ಯಾರು ಮಾಡುತ್ತೀರಿ ಎಂದು ಹೆಸರು ಹಿಡಿದು ಕೇಳಬೇಕು. ಹೆಸರು ಹಿಡಿಯದೆ ಕೇಳಿದರೆ ಯಾರೂ ಏಳುವುದಿಲ್ಲ. ಜವಾಬ್ದಾರರನ್ನು ತಿಂಗಳಿಗೊಮ್ಮೆ ಬದಲಿಸಿ.

ಮಾತ್ರೆ ತರಿಸುವುದಕ್ಕೆ ದೊಡ್ಡ ಆನ್‌ಲೈನ್ ಅಂಗಡಿ ಬೇಕಾಗಿಲ್ಲ. ಅವರು ಒಂಟಿ ಮನೆವರೆಗೆ ತಲುಪಿಸುವುದೂ ಅಪರೂಪ. ಪೇಟೆಯ ಮೆಡಿಕಲ್ ಶಾಪಿನವರಿಗೆ ಚೀಟಿಯ ಫೋಟೋ ಕಳಿಸಿ, ಬೆಂಗಳೂರಿನಿಂದಲೇ ಯುಪಿಐ ಮಾಡಿ. ಊರಿನ ಕಡೆ ಬರುವ ಆಟೋದವರ ಕೈಲಿ ಕೊಟ್ಟರೆ ಸಂಜೆಯೊಳಗೆ ಮನೆಗೆ ಬರುತ್ತದೆ.

ಒಂದು ಪುಟದ ವಿವರ

ಫೋನಿನಲ್ಲಿ ಒಂದು ಪುಟ ಬರೆದು ಗುಂಪಿನಲ್ಲಿ ಪಿನ್ ಮಾಡಿ. ಪಿನ್ ಹೆಚ್ಚೆಂದರೆ 30 ದಿನ ಇರುತ್ತದೆ, ಆಮೇಲೆ ಮತ್ತೆ ಮಾಡಬೇಕು. ರೋಗಿಯ ಹೆಸರು, ವಯಸ್ಸು, ಕಾಯಿಲೆಗಳು, ಯಾವ ಮಾತ್ರೆ ಎಷ್ಟು ಹೊತ್ತಿಗೆ, ಯಾವುದು ಅಲರ್ಜಿ, ನೋಡುತ್ತಿರುವ ಡಾಕ್ಟರ್ ಯಾರು, ಮನೆಗೆ ಬರುವ ದಾರಿ. ಕೊನೆಯದನ್ನು ಬಿಡಬೇಡಿ. ಆಂಬುಲೆನ್ಸ್‌ನವರಿಗೆ ‘ಹಾಲಿನ ಡೈರಿ ದಾಟಿ ಎಡಕ್ಕೆ, ಸಂಕ (ಕಾಲುಸೇತುವೆ) ದಾಟಬಾರದು, ಕೆಳಗಿನ ರಸ್ತೆಯಲ್ಲಿ ಬರಬೇಕು’ ಎಂದು ಹೇಳುವುದು ಗಾಬರಿಯಲ್ಲಿ ಆಗುವ ಮಾತಲ್ಲ. ಇದೇ ಪುಟವನ್ನು ಪ್ರಿಂಟ್ ತೆಗೆದು ಗೋಡೆಗೂ ಅಂಟಿಸಿ.

ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ಗುಂಪಿನಲ್ಲಿ ಕೇಳುತ್ತಾ ಕೂರಬೇಡಿ. ಇವು ಲಕ್ವಾದ ಲಕ್ಷಣ, ನೇರ 108 ಆಂಬುಲೆನ್ಸ್‌ಗೆ ಕರೆ ಮಾಡಿ. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ಆಸ್ಪತ್ರೆಗೆ ಹುಬ್ಬಳ್ಳಿ, ಮಣಿಪಾಲ, ಗೋವಾ ಎಂದು ಹೋಗುವ ನಮ್ಮ ಜಿಲ್ಲೆಯಲ್ಲಿ ದಾರಿಗೇ ಎಷ್ಟು ಹೊತ್ತು ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಹೊರಡುವ ಮೊದಲು ಒಂದು ನಿಮಿಷವೂ ಹಾಳಾಗಬಾರದು.

ಡಾಕ್ಟರರನ್ನು ಫೋನಿನಲ್ಲಿ ಕಾಣುವುದು

ಸಣ್ಣ ಅನುಮಾನಕ್ಕೂ ರೋಗಿಯನ್ನು ಎತ್ತಿ ಜೀಪಿಗೆ ಹಾಕುವುದು ಕಷ್ಟ. ಕೇಂದ್ರ ಸರ್ಕಾರದ ಇ-ಸಂಜೀವಿನಿ ಉಚಿತ ಸೇವೆ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಸಮಯದಲ್ಲಿ, ಇದರ ಹೊರರೋಗಿ ವಿಭಾಗ ಶುರುವಾಯಿತು. ಮೊಬೈಲ್ ನಂಬರ್ ಹಾಕಿ, ಒಟಿಪಿ ಕೊಟ್ಟು, ಕರ್ನಾಟಕ ಆರಿಸಿ, ಸರದಿಗೆ ಕಾದರೆ ಡಾಕ್ಟರ್ ವಿಡಿಯೋದಲ್ಲಿ ಬರುತ್ತಾರೆ. ಔಷಧಿ ಚೀಟಿ ಫೋನಿಗೇ ಬರುತ್ತದೆ.

ಮನೆಯಲ್ಲಿ ನೆಟ್‌ವರ್ಕ್ ಸರಿ ಇಲ್ಲದಿದ್ದರೆ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ವಿಚಾರಿಸಿ. ನಮ್ಮ ಉಪಕೇಂದ್ರಗಳಿಗೆ ಈಗ ಈ ಹೆಸರು. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ತಮ್ಮ ಕಂಪ್ಯೂಟರಿನಿಂದ ಇದೇ ಸೇವೆಯ ಮೂಲಕ ಡಾಕ್ಟರ್ ಜೊತೆ ಮಾತಾಡಿಸುತ್ತಾರೆ. ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿದರೆ ಯಾವ ದಿನ ಹೋಗಬೇಕೆಂದು ತಿಳಿಯುತ್ತದೆ.

ನೋಡಿಕೊಳ್ಳುವವರ ಮನಸ್ಸಿಗೆ

ಇದು ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಬಿಟ್ಟುಬಿಡುವ ಕೆಲಸ ಕೂಡ. ಮರೆವಿನ ಕಾಯಿಲೆ ಇರುವ ಅತ್ತೆ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದಾಗ ಸಿಟ್ಟು ಬರುತ್ತದೆ. ಬೈದ ಮೇಲೆ ಅಳು ಬರುತ್ತದೆ. ಇದನ್ನು ನೆಂಟರ ಹತ್ತಿರ ಹೇಳಲು ಆಗುವುದಿಲ್ಲ, ‘ನೋಡಿಕೊಳ್ಳಲು ಬೇಜಾರಂತೆ’ ಎಂಬ ಮಾತು ಬರುತ್ತದೆ ಎಂಬ ಹೆದರಿಕೆ. ಈ ಸಿಟ್ಟು ಕೆಟ್ಟ ಸೊಸೆಯ ಲಕ್ಷಣವಲ್ಲ. ನಿದ್ದೆ ಇಲ್ಲದೆ ದುಡಿದವರಿಗೆಲ್ಲ ಹಾಗಾಗುತ್ತದೆ.

14416ಕ್ಕೆ ಕರೆ ಮಾಡಬಹುದು. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಕೂತವರಿಗೆ ಇದಕ್ಕಿಂತ ಹತ್ತಿರದ ಬಾಗಿಲು ಬೇರೆ ಇಲ್ಲ. ಹಿರಿಯರ ವಿಷಯದಲ್ಲಿ ಮಾಹಿತಿ, ಕಾನೂನು, ಪಿಂಚಣಿ ಏನೇ ಇದ್ದರೂ 14567. ಇದು ಎಲ್ಡರ್‌ಲೈನ್, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ.

ಇನ್ನೊಂದು, ಇದೇ ಸ್ಥಿತಿಯಲ್ಲಿರುವ ಇನ್ನೊಬ್ಬರ ಜೊತೆಗಿನ ಮಾತು. ಮರೆವಿನ ಕಾಯಿಲೆಯವರ ಕುಟುಂಬಗಳಿಗಾಗಿ 1992ರಿಂದ ಕೆಲಸ ಮಾಡುತ್ತಿರುವ ಎಆರ್‌ಡಿಎಸ್‌ಐ ಎಂಬ ಸಂಸ್ಥೆಯಲ್ಲಿ ವಿಚಾರಿಸಬಹುದು. ಸ್ಥಳೀಯವಾಗಿಯೂ ಮಾಡಿಕೊಳ್ಳಬಹುದು. ನಿಮ್ಮ ತಾಲ್ಲೂಕಿನಲ್ಲಿ ಹೀಗೆ ಮನೆಯಲ್ಲಿ ಯಾರನ್ನಾದರೂ ನೋಡಿಕೊಳ್ಳುತ್ತಿರುವ ನಾಲ್ಕು ಜನರನ್ನು ಆಶಾ ಕಾರ್ಯಕರ್ತೆಯೇ ಹೇಳಬಲ್ಲರು. ಅವರನ್ನು ಕೇಳಿ, ಒಪ್ಪಿದವರ ನಂಬರ್ ಸೇರಿಸಿ, ವಾರಕ್ಕೊಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಗುಂಪು ಕರೆ ಮಾಡಿ. ವಿಡಿಯೋ ಬೇಡ, ಧ್ವನಿ ಸಾಕು, ಡೇಟಾ ಕಡಿಮೆ ಸಾಕಾಗುತ್ತದೆ. ನಿಯಮ ಎರಡೇ: ಯಾರೂ ಯಾರಿಗೂ ಔಷಧಿ ಹೇಳಬಾರದು, ಇಲ್ಲಿನ ಮಾತು ಹೊರಗೆ ಹೋಗಬಾರದು.

ಒಂದು ಗಂಟೆ ಬಿಡುವು

ದೂರದಲ್ಲಿರುವವರು ಕೊಡಬಹುದಾದ ದೊಡ್ಡ ಉಡುಗೊರೆ ಇದು ಎಂದು ನನ್ನ ನಂಬಿಕೆ. ವಾರಕ್ಕೆ ಎರಡು ದಿನ, ಹೇಳಿದ ಹೊತ್ತಿಗೆ ಸರಿಯಾಗಿ, ವಿಡಿಯೋ ಕರೆಯಲ್ಲಿ ನೀವು ರೋಗಿಯ ಜೊತೆ ಕೂರುವುದು. ಫೋನನ್ನು ಸ್ಟ್ಯಾಂಡಿನಲ್ಲಿ ಇಟ್ಟು, ಚಾರ್ಜಿಗೆ ಹಾಕಿ, ಮುಖ ಕಾಣುವ ಹಾಗೆ ಹೊಂದಿಸಿದರೆ ಆಯ್ತು. ಮಗಳು ಹಳೆಯ ಫೋಟೋ ತೋರಿಸಬಹುದು, ಭಜನೆ ಹೇಳಬಹುದು, ‘ಆಯಿ, ತೊಡೆದೇವು ಮಾಡಲು ಮಡಿಕೆ ಎಷ್ಟು ಬಿಸಿಯಾಗಬೇಕು?’ ಎಂದು ಕೇಳಬಹುದು. ಹೊಸದೆಲ್ಲ ಮರೆತವರಿಗೂ ಇಂಥ ಹಳೆಯದು ಎಷ್ಟೋ ಸಲ ನೆನಪಿರುತ್ತದೆ. ಆ ಹೊತ್ತಿನಲ್ಲಿ ಅತ್ತಿಗೆ ನಿಧಾನವಾಗಿ ತಲೆಸ್ನಾನ ಮಾಡಲಿ, ತೋಟಕ್ಕೆ ಹೋಗಿ ಬರಲಿ. ಎದ್ದು ನಡೆಯುವ, ಬೀಳುವ ಭಯ ಇರುವ ರೋಗಿಯಾದರೆ ಮಾತ್ರ ಪಕ್ಕದ ಮನೆಯವರೂ ಕೋಣೆಯಲ್ಲಿ ಇರಬೇಕು. ಪರದೆಯಿಂದ ಕೈ ಹಿಡಿಯಲು ಆಗುವುದಿಲ್ಲ.

ಆರೈಕೆ ಕಲಿಯುವುದು

ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು, ಸೊಂಟದಲ್ಲಿ ಹುಣ್ಣಾಗುತ್ತದೆ. ಊಟ ಕೊಡುವಾಗ ನೆಟ್ಟಗೆ ಕೂರಿಸಬೇಕು. ಇಂಥದ್ದನ್ನು ವಿಡಿಯೋ ನೋಡಿ ಕಲಿಯುವುದು ಸುಲಭ, ಆದರೆ ಸಿಕ್ಕಿದ ವಿಡಿಯೋ ನೋಡಬೇಡಿ. ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳ ಚಾನೆಲ್ ಮಾತ್ರ ಹುಡುಕಿ, ಎರಡು ಮೂರು ಆರಿಸಿ ಕಳಿಸಿ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ‘ಐಸಪೋರ್ಟ್’ ಎಂಬ ಉಚಿತ ಪಾಠ ಇದೆ. ಅದರ ಐದು ಭಾಗಗಳಲ್ಲಿ ಒಂದು ಪೂರ್ತಿ ನೋಡಿಕೊಳ್ಳುವವರ ಸ್ವಂತ ಆರೋಗ್ಯದ ಬಗ್ಗೆಯೇ. ನೀವು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಧ್ವನಿ ಸಂದೇಶ ಮಾಡಿ ಕಳಿಸಬಹುದು.

ಕಾಗದಪತ್ರ

ಪಿಂಚಣಿದಾರರು ಬದುಕಿದ್ದಾರೆ ಎಂಬ ಪ್ರಮಾಣಪತ್ರಕ್ಕಾಗಿ ಅವರನ್ನು ಬ್ಯಾಂಕಿಗೆ ಹೊತ್ತೊಯ್ಯಬೇಕಿಲ್ಲ. ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿದರೆ ಆಗುತ್ತದೆ. ಕೇಂದ್ರ ಸರ್ಕಾರದ ಪಿಂಚಣಿಯವರು ನವೆಂಬರ್‌ನಲ್ಲಿ ಕೊಡಬೇಕು, 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಮುಖ ಹೊಂದದಿದ್ದರೆ ಪೋಸ್ಟ್‌ಮ್ಯಾನ್‌ಗೆ ಹೇಳಿ. ಸ್ವಲ್ಪ ಶುಲ್ಕ ತೆಗೆದುಕೊಂಡು ಅವರು ಮನೆಗೇ ಬಂದು ಮಾಡಿಕೊಡುತ್ತಾರೆ.

ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಆನ್‌ಲೈನ್ ಅರ್ಜಿ. 2016ರ ಕಾನೂನಿನಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಪಾರ್ಕಿನ್ಸನ್ ಕೂಡ ಅದರಲ್ಲಿ ಸೇರಿದೆ. ಪಾರ್ಕಿನ್ಸನ್, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಹೇಳಿತ್ತು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅರ್ಜಿ ಹಾಕಿಸಿ.

ಒಟಿಪಿ ಯಾರಿಗೂ ಹೇಳಬಾರದು ಎಂಬುದನ್ನು ಆ ಗೋಡೆಯ ಕಾಗದದಲ್ಲೇ ದಪ್ಪಗೆ ಬರೆಯಿರಿ. ಪಿಂಚಣಿ ನಿಲ್ಲುತ್ತದೆ ಎಂದು ಹೆದರಿಸಿ ಒಟಿಪಿ ಕೇಳುವ ಕರೆಗಳು ಬರುತ್ತವೆ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇದೆಲ್ಲವನ್ನೂ ಒಂದೇ ದಿನ ಮಾಡಲು ಹೋಗಬೇಡಿ. ಈ ವಾರ ಗುಂಪು, ಮುಂದಿನ ವಾರ ಆ ಒಂದು ಪುಟ, ಊರಿಗೆ ಹೋದಾಗ ಸಿಗ್ನಲ್ ಮತ್ತು ಯುಪಿಎಸ್. ಇವತ್ತು ರಾತ್ರಿ ಮಾತ್ರ ಒಂದು ಸಂದೇಶ ಕಳಿಸಿ: ‘ಅತ್ತಿಗೆ, ಈ ತಿಂಗಳ ಮಾತ್ರೆಯೆಲ್ಲ ನಾನು ತರಿಸುತ್ತೇನೆ. ಬುಧವಾರ, ಶನಿವಾರ ಸಂಜೆ 5ಕ್ಕೆ ಆಯಿಗೆ ವಿಡಿಯೋ ಮಾಡುತ್ತೇನೆ. ಆ ಒಂದು ಗಂಟೆ ನಿಮ್ಮದು.’