ಲ್ಯಾಪ್‌ಟಾಪ್ ಚಾರ್ಜ್ ಆಗ್ತಿಲ್ವಾ? ಗೋಡೆಯಿಂದ ಶುರು ಮಾಡಿ

ಚಾರ್ಜರ್ ಸಿಕ್ಕಿಸಿದ್ದೀರಿ, ಲ್ಯಾಪ್‌ಟಾಪ್ ಓಡುತ್ತಲೂ ಇದೆ. ಆದರೆ ಬ್ಯಾಟರಿ ಮಾತ್ರ ಮೇಲೇರುತ್ತಿಲ್ಲ. ಚಿಹ್ನೆಯ ಮೇಲೆ ಮೌಸ್ ಇಟ್ಟರೆ ‘ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್’ ಅನ್ನುತ್ತದೆ. ಬ್ಯಾಟರಿ ಹೋಯ್ತು ಎಂದುಕೊಂಡು ಹೊಸದಕ್ಕೆ ದುಡ್ಡು ಸುರಿಯಬೇಡಿ. ಕರೆಂಟು ಗೋಡೆಯಿಂದ ಹೊರಟು ಬ್ಯಾಟರಿ ಸೇರುವ ದಾರಿಯಲ್ಲಿ ಕೈಕೊಡುವ ಜಾಗಗಳು ಹಲವು. ಬ್ಯಾಟರಿ ಇರುವುದು ಆ ದಾರಿಯ ತುದಿಯಲ್ಲಿ. ಅದನ್ನು ಕೊನೆಗೆ ನೋಡಿದರೆ ಸಾಕು.

ಒಂದನ್ನು ಮಾತ್ರ ಎಲ್ಲಕ್ಕಿಂತ ಮೊದಲು ನೋಡಬೇಕು. ಲ್ಯಾಪ್‌ಟಾಪನ್ನು ಸಮನಾದ ಮೇಜಿನ ಮೇಲಿಡಿ. ತಳ ಅಲುಗಾಡುತ್ತಿದೆಯಾ? ಟಚ್‌ಪ್ಯಾಡ್ ಉಬ್ಬಿದೆಯಾ? ಮುಚ್ಚಳ ಸರಿಯಾಗಿ ಕೂರುತ್ತಿಲ್ಲವಾ? ಹಾಗಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ತಕ್ಷಣ ಚಾರ್ಜರ್ ಕಿತ್ತು, ಆಫ್ ಮಾಡಿ, ಸರ್ವೀಸ್ ಸೆಂಟರಿಗೆ ಒಯ್ಯಿರಿ. ಒತ್ತುವುದು, ಚುಚ್ಚುವುದು ಬೇಡವೇ ಬೇಡ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸುವುದು ಬಹಳ ಕಷ್ಟ.

ಉಬ್ಬಿಲ್ಲವೆಂದರೆ ಗೋಡೆಯ ಹತ್ತಿರ ಹೋಗೋಣ. ಎಕ್ಸ್‌ಟೆನ್ಶನ್ ಬಾಕ್ಸ್ ಬಿಟ್ಟು, ನೇರವಾಗಿ ಬೇರೆ ಪ್ಲಗ್ ಪಾಯಿಂಟಿಗೆ ಹಾಕಿ ನೋಡಿ. ಗೋಡೆಯಿಂದ ಅಡಾಪ್ಟರಿಗೆ ಬರುವ ವೈರು ಸಾಮಾನ್ಯವಾಗಿ ಬೇರೆಯೇ ಇರುತ್ತದೆ. ಅದು ಅಡಾಪ್ಟರಿಗೆ ಸೇರುವ ಕಡೆ ಸಡಿಲವಾಗುವುದು ತುಂಬಾ ಮಾಮೂಲು. ಗಟ್ಟಿಯಾಗಿ ಒತ್ತಿ ಕೂರಿಸಿ. ಅಕ್ಕಪಕ್ಕದವರ ಬಳಿ ಅಂಥದ್ದೇ ವೈರು ಇದ್ದರೆ ಬದಲಿಸಿ ನೋಡಿ.

ಈಗ ಅಡಾಪ್ಟರ್. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕಳೆಯಿರಿ. ಅದರ ಹಿಂದಿನ ಚೀಟಿಯಲ್ಲಿ ಔಟ್‌ಪುಟ್ ಎಂದು ಬರೆದಿರುವುದನ್ನು ಓದಿ. ಉದಾಹರಣೆಗೆ 19.5 ವೋಲ್ಟ್, 3.34 ಆಂಪಿಯರ್. ಎರಡನ್ನೂ ಗುಣಿಸಿದರೆ ಸುಮಾರು 65 ವ್ಯಾಟ್. ನಿಮ್ಮ ಲ್ಯಾಪ್‌ಟಾಪಿಗೆ 65 ವ್ಯಾಟ್ ಬೇಕಿದ್ದು, ಕೈಗೆ ಸಿಕ್ಕ 45 ವ್ಯಾಟಿನದನ್ನು ಹಾಕಿದ್ದರೆ, ಬಂದ ಕರೆಂಟೆಲ್ಲ ಯಂತ್ರ ಓಡಿಸುವುದಕ್ಕೇ ಖರ್ಚಾಗಬಹುದು. ಇದನ್ನು ಪತ್ತೆ ಮಾಡುವುದು ಸುಲಭ. ಪೂರ್ತಿ ಶಟ್‌ಡೌನ್ ಮಾಡಿ ಅರ್ಧ ಗಂಟೆ ಚಾರ್ಜಿಗೆ ಹಾಕಿ. ಆಗ ಶೇಕಡಾವಾರು ಏರಿದರೆ ಅಡಾಪ್ಟರ್ ಸಾಲುತ್ತಿಲ್ಲ ಎಂದು ಅನುಮಾನಿಸಿ.

ಡೆಲ್, ಎಚ್‌ಪಿಯ ಎಷ್ಟೋ ಮಾದರಿಗಳಲ್ಲಿ ದುಂಡನೆಯ ಪಿನ್ನಿನ ನಡುವೆ ಸೂಜಿಯಂಥ ಸಣ್ಣ ಕಡ್ಡಿ ಇರುತ್ತದೆ. ಅಡಾಪ್ಟರ್ ಎಷ್ಟು ವ್ಯಾಟಿನದು ಎಂದು ಲ್ಯಾಪ್‌ಟಾಪಿಗೆ ತಿಳಿಯುವುದು ಅದರಿಂದಲೇ. ಕಡ್ಡಿ ಬಗ್ಗಿದರೆ, ಅಥವಾ ಅದರ ಎಳೆ ವೈರಿನೊಳಗೆ ತುಂಡಾದರೆ, ಲ್ಯಾಪ್‌ಟಾಪ್ ನಿಧಾನವಾಗಿ ಓಡಬಹುದು, ಆದರೆ ಚಾರ್ಜ್ ಆಗುವುದಿಲ್ಲ. ಕಳಪೆ ಡೂಪ್ಲಿಕೇಟ್ ಅಡಾಪ್ಟರಿನಲ್ಲೂ ಇದೇ ಕಥೆ. ಹಾಗಾಗಿ ಅಡಾಪ್ಟರ್ ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ನೋಡಿ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ನಿಜವೋ ಸುಳ್ಳೋ ಗೊತ್ತಾಗುತ್ತದೆ.

ಟೈಪ್‌-ಸಿ ಲ್ಯಾಪ್‌ಟಾಪಿನವರು ಇನ್ನೆರಡು ವಿಷಯ ಗಮನಿಸಿ. ಫೋನಿನ 18 ವ್ಯಾಟ್ ಚಾರ್ಜರ್ ಇದಕ್ಕೆ ಸಾಲದು. ಜೊತೆಗೆ, ಎಲ್ಲ ಸಿ ಕಿಂಡಿಗಳೂ ಚಾರ್ಜಿಂಗಿಗಲ್ಲ. ಪಕ್ಕದಲ್ಲಿ ಪ್ಲಗ್ ಅಥವಾ ಬ್ಯಾಟರಿಯ ಚಿತ್ರ ಇದೆಯಾ ನೋಡಿ.

ಚಾರ್ಜರ್ ಸರಿ ಇದ್ದರೆ, ಲ್ಯಾಪ್‌ಟಾಪ್ ಆಫ್ ಮಾಡಿ ಕಿಂಡಿಯೊಳಗೆ ಟಾರ್ಚ್ ಬಿಡಿ. ಧೂಳಿದ್ದರೆ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಸೇಫ್ಟಿ ಪಿನ್ ಹಾಕಬೇಡಿ. ಚಾರ್ಜರಿನ ಪಿನ್ ಅಲ್ಲಾಡಿಸಿದಾಗ ಚಾರ್ಜಿಂಗ್ ಬಂದು ಹೋಗಿ ಮಾಡುತ್ತಿದ್ದರೆ ಜಾಕ್, ಅಂದರೆ ಪಿನ್ ಕೂರುವ ಕಿಂಡಿಯ ಭಾಗ, ಸಡಿಲವಾಗಿರಬಹುದು. ಹಲವು ಮಾದರಿಗಳಲ್ಲಿ ಜಾಕ್ ಬಿಡಿಭಾಗವಾಗಿಯೇ ಸಿಗುತ್ತದೆ, ಅದನ್ನಷ್ಟೇ ಬದಲಿಸಬಹುದು. ರಿಪೇರಿ ಅಂಗಡಿಯಲ್ಲಿ ಇದನ್ನು ನೀವೇ ಬಾಯಿಬಿಟ್ಟು ಕೇಳಿ.

ಚಾರ್ಜ್ ಸರಿಯಾಗಿ 60 ಅಥವಾ 80ಕ್ಕೆ ಬಂದು ನಿಲ್ಲುತ್ತಿದೆಯಾ? ಅದು ಹೆಚ್ಚಾಗಿ ಕೆಟ್ಟಿದ್ದಲ್ಲ, ಸೆಟ್ಟಿಂಗ್. ಲೆನೊವೊ ಕಂಪನಿಯ ಆ್ಯಪ್ ವ್ಯಾಂಟೇಜ್‌ನಲ್ಲಿ ‘ಕನ್ಸರ್ವೇಶನ್ ಮೋಡ್’, ಆಸುಸ್ ಕಂಪನಿಯ ಆ್ಯಪ್ ಮೈಆಸುಸ್‌ನಲ್ಲಿ ‘ಬ್ಯಾಟರಿ ಹೆಲ್ತ್ ಚಾರ್ಜಿಂಗ್’ ಎಂಬ ಹೆಸರಲ್ಲಿರುತ್ತದೆ. ಸದಾ ನೂರಕ್ಕೆ ತುಂಬಿಟ್ಟರೆ ಲಿಥಿಯಂ ಬ್ಯಾಟರಿ ಬೇಗ ಸವೆಯುತ್ತದೆ, ಅದಕ್ಕೇ ಈ ಏರ್ಪಾಡು. ದಿನವಿಡೀ ಮೇಜಿನ ಮೇಲೇ ಕೆಲಸ ಮಾಡುವವರು ಅದನ್ನು ಆನ್ ಇಡುವುದೇ ಒಳ್ಳೆಯದು. ಪ್ರಯಾಣದ ಹಿಂದಿನ ರಾತ್ರಿ ತೆಗೆದರಾಯಿತು.

ಬಿಸಿಯನ್ನೂ ಮರೆಯಬೇಡಿ. ಬ್ಯಾಟರಿಯ ಒಳಗಿನ ಶಾಖ ಸುಮಾರು 45 ಡಿಗ್ರಿ ದಾಟಿದರೆ ಚಾರ್ಜಿಂಗ್ ತಾನಾಗಿ ನಿಲ್ಲಬಹುದು. ಕಲಬುರಗಿ, ರಾಯಚೂರು ಕಡೆ ಮೇ ತಿಂಗಳಲ್ಲಿ ಹೊರಗಿನ ಬಿಸಿಲೇ 40 ಮುಟ್ಟುತ್ತದೆ. ಅಂಥದ್ದರಲ್ಲಿ ಹಾಸಿಗೆಯ ಮೇಲಿಟ್ಟು ಗಾಳಿಕಿಂಡಿ ಮುಚ್ಚಿದರೆ ಕೇಳಬೇಕೇ? ಆಫ್ ಮಾಡಿ, ಫ್ಯಾನಿನ ಕೆಳಗೆ ತಣ್ಣಗಾಗಲು ಬಿಟ್ಟು, ಮತ್ತೆ ಹಾಕಿ ನೋಡಿ.

ಇಷ್ಟಾದರೂ ಆಗದಿದ್ದರೆ ಒಂದು ರೀಸೆಟ್ ಮಾಡಿ. ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ನನ್ನು 30 ಸೆಕೆಂಡು ಒತ್ತಿ ಹಿಡಿಯಿರಿ. ಬ್ಯಾಟರಿ ಹೊರಗೆ ತೆಗೆಯುವಂಥದ್ದಾದರೆ ಮೊದಲು ಅದನ್ನೂ ತೆಗೆದಿಡಿ. ಆಮೇಲೆ ಎಲ್ಲ ಮೊದಲಿನಂತೆ ಜೋಡಿಸಿ ಆನ್ ಮಾಡಿ. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಲ್ಯಾಪ್‌ಟಾಪ್ ಆಗಿದ್ದರೆ ಗಂಟೆಗಟ್ಟಲೆ ಚಾರ್ಜಿನಲ್ಲೇ ಬಿಡಿ. ಪೂರ್ತಿ ಬರಿದಾದ ಬ್ಯಾಟರಿ ಶುರುವಿನಲ್ಲಿ ತೀರಾ ನಿಧಾನವಾಗಿ ಕರೆಂಟು ಹೀರುತ್ತದೆ.

ಕೊನೆಯದಾಗಿ ಬ್ಯಾಟರಿಯ ಜಾತಕ ತೆಗೆಯಿರಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ‘ಪವರ್’ ಪದಕ್ಕೆ ಅಂಟಿಸಿ ಸಿ, ಎಫ್, ಜಿ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಒಂದು ಸ್ಪೇಸ್, ಒಂದು ಸ್ಲ್ಯಾಶ್ (/), ಆಮೇಲೆ ‘ಬ್ಯಾಟರಿರಿಪೋರ್ಟ್’ ಎಂದು ಒಂದೇ ಪದವಾಗಿ ಹೊಡೆದು ಎಂಟರ್ ಒತ್ತಿ. ವರದಿ ಎಲ್ಲಿ ಉಳಿದಿದೆ ಎಂದು ಅದೇ ತೋರಿಸುತ್ತದೆ. ಅದರಲ್ಲಿ ‘ಡಿಸೈನ್ ಕೆಪಾಸಿಟಿ’ ಮತ್ತು ‘ಫುಲ್ ಚಾರ್ಜ್ ಕೆಪಾಸಿಟಿ’ ಎರಡನ್ನೂ ಹೋಲಿಸಿ. ಹೊಸದಿದ್ದಾಗ 45,000 ಮಿಲಿವ್ಯಾಟ್-ಅವರ್ ಇದ್ದದ್ದು ಈಗ 20,000ಕ್ಕೆ ಇಳಿದಿದ್ದರೆ, ಅಥವಾ ವರದಿಯಲ್ಲಿ ಬ್ಯಾಟರಿಯ ಸುಳಿವೇ ಇಲ್ಲದಿದ್ದರೆ, ಬದಲಿಸುವ ಮಾತು ಈಗ ಸರಿ. ಮೊದಲು ವಾರಂಟಿ ಇದೆಯಾ ನೋಡಿ. ಇಲ್ಲದಿದ್ದರೆ ಹಳೆಯ ಬ್ಯಾಟರಿಯ ಮೇಲಿನ ಪಾರ್ಟ್ ನಂಬರ್ ಕೊಟ್ಟು ಅದೇ ತರದ್ದನ್ನು ತನ್ನಿ. ಹಳೆಯದನ್ನು ಕಸದ ಬುಟ್ಟಿಗೆ ಎಸೆಯದೆ, ಸರ್ವೀಸ್ ಸೆಂಟರಿಗೋ ಇ-ಕಸ ಸಂಗ್ರಹಿಸುವವರಿಗೋ ಕೊಡಿ.